ಹತ್ತಾದ ಖಾಲಿ ಬಾರು

ದುಬೈ ಬಾರುಗಳ ಗಲಾಟೆ ನನಗಾಗದು. ಹಾಗಾಗಿ ಹತ್ತಾ ಬೆಟ್ಟದೂರಿನ ಹೋಟೆಲೊಂದರಲ್ಲಿ ಟೀವಿಯಿಲ್ಲದ, ಜನವಿಲ್ಲದ ಬಾರು ಸಿಕ್ಕಾಗ ಖುಷಿಯಾಯಿತು. ನಾನು ಕೂತ ಮೇಜು ಬಿಟ್ಟರೆ, ಉಳಿದ ಮೇಜುಗಳಲ್ಲೆಲ್ಲ ಒಂದೊಂದು ಕುರ್ಚಿ ಯಾಕೋ ಹಿಂದೆ ಸರಿದಿತ್ತು. ಕುಡಿಯುವ ಮೊದಲು, ಊರಿನ ವಾಡಿಕೆಯಂತೆ, ತೀರಿಹೋದ ಅಣ್ಣನ ಹೆಸರಿನಲ್ಲಿ ಬೆರಳದ್ದಿ ಮೂರು ಹನಿ ನೆಲಕ್ಕೆ ಚಿಮುಕಿಸಿದೆ.

"ಖಾಲಿ ಉಂಟಲ್ಲ, ಒಳ್ಳೇದಾಯ್ತು ಮಾರಾಯ್ರೆ," ಎಂದೆ, ಮಂಗಳೂರು ಕಡೆಯ ಬಾರಿನವನಿಗೆ.

"ಖಾಲಿ ಎಲ್ಲಿ ಸರ್? ಬಂದ ನಮ್ಮ ಊರಿನವರೆಲ್ಲ ಹೀಗೇ ಹನಿ ಹಾಕ್ತಾರೆ. ಹಾಕಿದವರು ಎದ್ದು ಹೋಗ್ತಾರೆ. ಕರೆಸಿಕೊಂಡವರು ಹೋಗುದಿಲ್ಲ."

ನನಗೆ ರೇಗಿತು. ಬೈಯಬೇಕೆನ್ನುವಷ್ಟರಲ್ಲಿ ಅವನು ಬಂದು, ನನ್ನೆದುರಿನ ಕುರ್ಚಿಯನ್ನೂ ಮೆಲ್ಲಗೆ, ಒಬ್ಬರು ಕೂರುವಷ್ಟು ಹಿಂದಕ್ಕೆ ಎಳೆದಿಟ್ಟ.