ಕಾಲು ತಿರುಚಿದ ಕುಣಿಕೆಗಳು

ನಮ್ಮ ಚಿಕ್ಕಮ್ಮನನ್ನು ಬೀದಿಯವರೆಲ್ಲ ಗಂಟು ಚಿಕ್ಕಮ್ಮ ಎನ್ನುತ್ತಾರೆ. ಆಕೆಗೆ ಗಂಟು ಕಂಡರೇ ಆಗುವುದಿಲ್ಲ, ಅದಕ್ಕೇ ಈ ಹೆಸರು. ಚಿಕ್ಕಪ್ಪನ ಉಲ್ಲನ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿ ಹಾಕಿದ ಮೇಜಿನ ಮುಂದೆ ಕೂತು, ಬೇರೆಯವರು ಕೈಯಲ್ಲಿ ಹೆಣೆದ ಸ್ವೆಟರುಗಳ ತಪ್ಪು ತಿದ್ದುವುದು ಆಕೆಯ ಕೆಲಸ. ಹುಡುಗಿಯಾಗಿದ್ದಾಗ ಕಾಲುಚೀಲದ ಕಾರ್ಖಾನೆಯಲ್ಲಿ, ಯಂತ್ರ ಕೈಬಿಟ್ಟ ದಾರದ ಕುಣಿಕೆಗಳನ್ನು ಎತ್ತಿ ಎತ್ತಿ ಕಲಿತದ್ದು. ಕಾರ್ಖಾನೆ ಮುಚ್ಚಿತು, ಬೆರಳು ಮರೆಯಲಿಲ್ಲ. ಆದರೆ ತನಗೆಂದು ಒಂದು ಸ್ವೆಟರನ್ನೂ ಹೆಣೆದುಕೊಂಡಿಲ್ಲ. ಕೇಳಿದರೆ, “ನಾನು ಹೆಣೆದ್ರೆ ಅದರ ತಪ್ಪನ್ನ ಯಾರ ಹತ್ರ ತಗೊಂಡು ಹೋಗ್ಲಿ?” ಎನ್ನುತ್ತಾಳೆ.

ಹೋದ ಚಳಿಗಾಲದಲ್ಲಿ ನಾನು ಅಲ್ಲೇ ಕೂತಿದ್ದಾಗ ಒಬ್ಬರು ನರ್ಸ್ ಬಂದರು. ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದರು. ಚೀಲದಿಂದ ಹಳದಿ ಬಣ್ಣದ ಪುಟ್ಟ ಸ್ವೆಟರೊಂದರ ಬೆನ್ನಿನ ಭಾಗವನ್ನು ತೆಗೆದರು. ಅದಿನ್ನೂ ಹೆಣಿಗೆಯ ಕಡ್ಡಿಯಲ್ಲೇ ಇತ್ತು.

“ಹುಟ್ಟೋ ಮೊಮ್ಮಗೂಗೆ ಅಂತ ನಮ್ಮಮ್ಮ ಹೆಣೀತಿದಾರೆ. ಕಣ್ಣು ಪೂರ್ತಿ ಮಂಜಾಗಿದೆ. ಇಲ್ಲಿ ನೋಡಿ.”

ನಯವಾಗಿರಬೇಕಾದ ಜಾಗದಲ್ಲಿ ಮೂರು ಕಡೆ ಕುಣಿಕೆ ಹಿಂದುಮುಂದಾಗಿ, ಕಾಳಿನಂತೆ ಉಬ್ಬಿತ್ತು.

“ಸರಿಯಾಗಿದೆಯಾ ಅಂತ ಕೇಳಿದ್ರು. ಸರಿಯಾಗಿದೆ ಅಂದ್ಬಿಟ್ಟೆ ಅಕ್ಕ. ಓದೋದು ಬಿಟ್ರು, ಅಡುಗೆಮನೆ ಬಿಟ್ರು. ತಪ್ಪಾಗಿದೆ ಅಂತ ಗೊತ್ತಾದ್ರೆ ಈ ಕಡ್ಡೀನೂ ಬಿಡ್ತಾರೆ. ಆಮೇಲೆ ಗೋಡೆ ನೋಡ್ಕೊಂಡು ಕೂರೋದೇ.”

“ಅಂದ್ರೆ ಸುಳ್ಳು ಹೇಳಿದೀರ.”

“ಹೌದು. ನೀವು ಅದನ್ನ ನಿಜ ಮಾಡಿಕೊಡಿ.”

ಚಿಕ್ಕಮ್ಮ ನಕ್ಕು ಕನ್ನಡಕ ಏರಿಸಿದಳು. ಕಡ್ಡಿಯಿಂದ ಒಂದೇ ಒಂದು ಕುಣಿಕೆಯನ್ನು ಜಾರಿಸಿ, ಬಟ್ಟೆಯನ್ನು ಮೆಲ್ಲಗೆ ಎಳೆದಳು. ಕುಣಿಕೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತ ಕೆಳಗಿಳಿಯಿತು. ನರ್ಸ್ “ಅಯ್ಯೋ!” ಎಂದು ಬಾಯಿಗೆ ಕೈ ಇಟ್ಟರು. ತಪ್ಪಿದ ಜಾಗ ಬಂದ ತಕ್ಷಣ ಚಿಕ್ಕಮ್ಮನ ಹೆಬ್ಬೆರಳು ಅದನ್ನು ತಡೆಯಿತು. ಮೇಲೆ ಬರಿಯ ದಾರದ ಏಣಿ. ಕೊಕ್ಕೆಯ ಕಡ್ಡಿ ಹಿಡಿದು ಆ ಏಣಿಯ ಒಂದೊಂದೇ ಮೆಟ್ಟಿಲನ್ನು ಕುಣಿಕೆಯೊಳಗಿಂದ ಎಳೆಯುತ್ತ ಮೇಲೆ ಹತ್ತಿಸಿದಳು. ಎಷ್ಟು ಸಲ ನೋಡಿದ್ದರೂ ಈ ಹೊತ್ತಿನಲ್ಲಿ ನನಗೆ ಉಸಿರಾಡಲು ಮರೆತುಹೋಗುತ್ತದೆ.

ಕಾಳು ಮಾಯವಾಗಿತ್ತು. ಚಿಕ್ಕಮ್ಮ ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿದಳು. ಮುಖ ಸಪ್ಪಗಾಯಿತು. ಎತ್ತಿದ್ದನ್ನೆಲ್ಲ ಮತ್ತೆ ಇಳಿಸಿಬಿಟ್ಟಳು.

“ಯಾಕಕ್ಕ? ಚೆನ್ನಾಗೇ ಕಾಣ್ತಿತ್ತಲ್ಲ?”

“ಕಾಣೋದಕ್ಕೆ ಚೆನ್ನಾಗಿದೆ. ನಿಮ್ಮಮ್ಮ ಕಣ್ಣಲ್ಲಿ ನೋಡ್ತಾರಾ?”

ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಗ್ಗಿಸಿ ಹಿಡಿದಳು. ಆಗ ನನಗೂ ಕಂಡಿತು. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಎಲ್ಲ ಕುಣಿಕೆಗಳೂ, ಬುಡದ ಎರಡೆಳೆ ಒಂದರ ಮೇಲೊಂದು ಹಾದು, ಕಾಲು ತಿರುಚಿಕೊಂಡಿದ್ದವು. ಕಡ್ಡಿಯನ್ನು ಕುಣಿಕೆಯ ಹಿಂದಿನಿಂದ ತೂರಿಸುವವರ ಹೆಣಿಗೆ ಹೀಗಾಗುತ್ತದೆ, ಮುಟ್ಟಿದರೆ ಬಿಗಿಯಾಗಿರುತ್ತದೆ. ಚಿಕ್ಕಮ್ಮ ಮೊದಲ ಸಲ ಎತ್ತಿದ್ದು ಮಾತ್ರ ಸಡಿಲವಾಗಿತ್ತು.

“ಹಾಗಾದ್ರೆ ಪೂರ್ತಿ ತಪ್ಪಾಗಿದೆಯಾ?” ನರ್ಸ್ ಬಟ್ಟೆಯತ್ತ ಬಗ್ಗಿದರು.

“ಛೆ, ತಪ್ಪು ಆ ಮೂರೇ. ಇದು ಅವರ ಕೈಗುಣ. ನೋಡಿ, ಎಲ್ಲಾ ಹೇಗೆ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿವೆ, ದೊಡ್ಡ ಮನುಷ್ಯರ ಥರ!”

ಮತ್ತೆ ಶುರುಮಾಡಿದಳು. ಈ ಸಲ ಸಾಲು ಬಿಟ್ಟು ಸಾಲು, ಕುಣಿಕೆಯ ಕಾಲು ತಿರುಚಿ ತಿರುಚಿ ಎತ್ತಿದಳು. ಮೂರೂ ಮುಗಿದ ಮೇಲೆ ಕಣ್ಣು ಮುಚ್ಚಿ ಸವರಿದಳು. ಬೆರಳು ಎಲ್ಲೂ ನಿಲ್ಲಲಿಲ್ಲ.

ನಾಲ್ಕು ದಿನ ಬಿಟ್ಟು ನರ್ಸ್ ತಮ್ಮ ತಾಯಿಯ ಕೈ ಹಿಡಿದುಕೊಂಡು ಬಂದರು. ಅಜ್ಜಿ ಬಾಗಿಲಲ್ಲೇ ಕೇಳಿದರು.

“ಯಾರಮ್ಮ ನನ್ನ ಸ್ವೆಟರಿಗೆ ಕೈ ಹಾಕಿದ್ದು?”

ನರ್ಸ್ ತಲೆ ತಗ್ಗಿಸಿದರು. ಚಿಕ್ಕಮ್ಮ ಎದ್ದು ನಿಂತು, “ನಾನೇ ಅಮ್ಮ” ಎಂದಳು.

“ಮೂರು ಕಡೆ ಬೆರಳಿಗೆ ಒತ್ತಿತ್ತು. ಇವಳು ಸರಿಯಾಗಿದೆ ಅಂದಳು. ಸುಳ್ಳು ಹೇಳೋದಕ್ಕೂ ಬರಲ್ಲ ಇವಳಿಗೆ. ಇನ್ನು ಸಾಕು ಅಂತ ಅವತ್ತೇ ಕಡ್ಡಿ ಕೆಳಗಿಟ್ಟಿದ್ದೆ. ಈಗ ಎಷ್ಟು ತಡಕಿದ್ರೂ ಆ ಜಾಗ ಸಿಗ್ತಿಲ್ಲ.” ಅಜ್ಜಿ ಚಿಕ್ಕಮ್ಮನ ಕೈ ಹುಡುಕಿ ಹಿಡಿದುಕೊಂಡರು. “ನಾನು ತಿರುಚೋ ಹಾಗೇ ತಿರುಚಿದ್ದೀಯಲ್ಲೇ! ಇದಕ್ಕೇ ಚಿಕ್ಕವಳಿದ್ದಾಗ ನಮ್ಮಕ್ಕನ ಹತ್ರ ತಲೆ ಮೇಲೆ ಮೊಟಕಿಸಿಕೊಳ್ತಿದ್ದೆ.”

ಆಮೇಲೆ ಕುರ್ಚಿ ತಡಕಿ ಕೂತರು. ಚೀಲದಿಂದ ಹಳದಿ ಉಂಡೆಯನ್ನೂ ಕಡ್ಡಿಗಳನ್ನೂ ತೆಗೆದರು.

“ತೋಳು ಬಾಕಿ ಇದೆ, ಇಲ್ಲೇ ಹೆಣೀತೀನಿ. ತಪ್ಪಿದ್ರೆ ನೀನು ಬಾಯಿ ಬಿಟ್ಟು ಹೇಳು. ಇವಳನ್ನ ನಂಬೋ ಹಾಗಿಲ್ಲ.”

ಅಜ್ಜಿಯ ಕಡ್ಡಿ ಕುಣಿಕೆಯ ಹಿಂದಿನಿಂದ ತೂರಿತು. ಚಿಕ್ಕಮ್ಮ ತನ್ನ ಕೆಲಸ ಬಿಟ್ಟು, ಆ ಬೆರಳುಗಳನ್ನೇ ನೋಡುತ್ತ ನಿಂತಳು. ಉಸಿರಾಡಲು ಮರೆತಿದ್ದಳು ಎಂದು ಕಾಣುತ್ತದೆ.