ಇನಾಸ ಕಾಲು ಚಾಚಿದ್ದು

ಇನಾಸ ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಬಂದು ಶಿರಸಿಯಲ್ಲಿ ನೆಲೆನಿಂತ ಕ್ರಿಸ್ತುವರವ. ನೆಲದಿಂದ ಕೆಂಪು ಚಿರೆಕಲ್ಲು ಕಡಿಯುವುದು ಅವನ ಕಸುಬು. ಯಾರ ಮನೆಯಲ್ಲಿ ಸಾವಾದರೂ ಗುಂಡಿ ತೋಡಲು ಅವನೇ ಮೊದಲು ಹಾಜರು, ಯಾರಿಗೆ ಜ್ವರ ಬಂದರೂ ಗಂಜಿ ಹೊತ್ತು ಹೊರಡುವವ. ಇಗರ್ಜಿಯಲ್ಲಿ ಮಾತ್ರ ಎಲ್ಲರ ಹಿಂದೆ, ಬಾಗಿಲ ಪಕ್ಕದಲ್ಲಿ ಮೊಣಕಾಲೂರುತ್ತಿದ್ದ. ಮುಂದೆ ಬಾ ಎಂದರೆ "ನಾ ಎಂತಕ್ಕೆ, ನಾ ಪಾಪಿ" ಎನ್ನುತ್ತಿದ್ದ. ಅದನ್ನು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದನೆಂದರೆ ಮುಂದಿನ ಸಾಲಿನವರೂ ತಿರುಗಿ ನೋಡುತ್ತಿದ್ದರು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಹೆಂಡತಿ ಕತ್ರೀನಾ ಗೊಣಗುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಶಿರಸಿ ಸೀಮೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯ ಸೇರಿದ ಮೇಲಿನ ಎರಡನೆಯ ಬೇಸಿಗೆ. ಬನವಾಸಿ ದಾರಿಯ ಒಂದು ಹಳ್ಳಿಯಲ್ಲಿ ಶಾಲೆ ಕಟ್ಟಲು ಕಲ್ಲು ಬೇಕಾಯಿತು, ಇನಾಸ ಅಲ್ಲಿಗೆ ಹೋದ. ಕಲ್ಲು ಕಡಿಯುವ ಜಾಗದ ಆಚೆ, ಹೊಲದ ಅಂಚಿಗೆ ಒಂದು ಹಳೆಯ ಕೊಟ್ಟಿಗೆ. ಅದರಲ್ಲಿ ಮುರಿಗೆವ್ವ ಇದ್ದಳು. ದೊಡ್ಡ ರೋಗ ಬಂದು ಕೈಕಾಲಿನ ಬೆರಳು ಸವೆದುಹೋದ, ಲಿಂಗವಂತರ ಮುದುಕಿ. ಮೈದುನನ ಮಗ ವೀರಪ್ಪ ದಿನವೂ ರೊಟ್ಟಿ ಮತ್ತು ನೀರಿನ ಗಡಿಗೆಯನ್ನು ಬೇಲಿಯ ಹತ್ತಿರ ಇಟ್ಟು, ಒಮ್ಮೆ ಕೂಗಿ, ತಿರುಗಿ ನೋಡದೆ ಹೋಗುತ್ತಿದ್ದ.

ಆ ಗಡಿಗೆಯನ್ನು ಎತ್ತಿಕೊಡಲು ಇನಾಸ ಮುಂದಾದಾಗ ಒಳಗಿನಿಂದ ಕೂಗು ಬಂತು.

"ಮುಟ್ಟಬ್ಯಾಡ ತಮ್ಮಾ! ನೀ ಭವಿ ಅದಿ. ಕೊರಳಾಗ ಲಿಂಗ ಇಲ್ದಾಂವ ಮುಟ್ಟಿದ ನೀರು ನಾ ಕುಡ್ಯಾಂಗಿಲ್ಲ."

ಊರೇ ಅವಳನ್ನು ಮುಟ್ಟುವುದಿಲ್ಲ, ಅವಳು ಇವನನ್ನು ಮುಟ್ಟಗೊಡುವುದಿಲ್ಲ! ಇನಾಸ ಒಂದು ಕವೆಗೋಲು ಕಡಿದು ತಂದು, ಗಡಿಗೆಯನ್ನು ಅದರಿಂದ ತಳ್ಳಿ ತಳ್ಳಿ ಅವಳ ಬಾಗಿಲಿಗೆ ಮುಟ್ಟಿಸಿದ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಅವಳು ನಕ್ಕಳು. ಅಲ್ಲಿಂದ ಮುಂದೆ ಹುಣ್ಣು ತೊಳೆಯಲು, ಅದೂ ಅವನೇ ತಂದ ನೀರಿನಿಂದ, ಒಪ್ಪಿದಳು; ಕುಡಿಯುವ ಗಡಿಗೆಯನ್ನು ಮಾತ್ರ ಮುಟ್ಟಗೊಡಲಿಲ್ಲ.

ಈಸ್ಟರ್ ಹಬ್ಬದ ಮೊದಲಿನ ಗುರುವಾರ ಇನಾಸ ಶಿರಸಿಗೆ ಹೋಗಲಿಲ್ಲ. ಪಾದ್ರಿಗಳು ಮೊಣಕಾಲೂರಿ ಜನರ ಕಾಲು ತೊಳೆಯುವ ದಿನ ಅದು. ಇಲ್ಲೇ ತೊಳೆದರಾಯಿತು ಎಂದುಕೊಂಡು ಮುರಿಗೆವ್ವನ ಮುಂದೆ ಮೊಣಕಾಲೂರಿದ, ಶಿಲುಬೆಯ ಗುರುತು ಮಾಡಿ, ಅವಳ ಮೊಂಡು ಪಾದಗಳನ್ನು ತಾಟಿನಲ್ಲಿಟ್ಟು ಭಕ್ತಿಯಿಂದ ತೊಳೆದ. ತಾಟನ್ನು ಎರಡೂ ಕೈಯಲ್ಲಿ ಎತ್ತಿದ್ದೇ ತಡ, ಮುದುಕಿ ಚೀರಿದಳು.

"ಕುಡೀಬ್ಯಾಡೋ ತಮ್ಮಾ! ನಾ ಅಯ್ಯ ಅಲ್ಲ, ರೋಗಿಷ್ಟಿ!"

ಅವಳು ಕಂಡಂತೆ ಜನ ಕಾಲು ತೊಳೆಯುವುದು ಅಯ್ಯನವರದ್ದು, ಎಂದರೆ ಜಂಗಮ ಗುರುಗಳದ್ದು, ಆ ನೀರು ಪಾದೋದಕ, ತೊಳೆದವರು ಅದನ್ನು ಕುಡಿಯಬೇಕು. ನೀರು ಚೆಲ್ಲಲಿಕ್ಕೆ ಎತ್ತಿದ್ದು ಎಂದು ಇನಾಸ ಹೇಳಿದ. ನಮ್ಮ ಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದಿದ್ದ ಎಂದೂ ಹೇಳಿದ.

"ಗುರು ಆದಾಂವ ಶಿಷ್ಯರ ಕಾಲು ತೊಳದನಾ? ಎಲ್ಲಾ ಉಲ್ಟಾ ಆತಲ್ಲೋ" ಎಂದು ಅವಳಿಗೆ ಸೋಜಿಗ.

ಹಬ್ಬ ಕಳೆಯುತ್ತಲೇ ಅವಳಿಗೆ ಜ್ವರ ಏರಿತು. ರೊಟ್ಟಿ ಬೇಲಿಯಲ್ಲೇ ಒಣಗಿತು. ಅವಳಿಗೆ ಬೇಕಾದದ್ದು ಒಂದೇ: ಜೀವ ಹೋಗುವ ಮುಂಚೆ ಅಯ್ಯನವರ ಪಾದೋದಕ ಬಾಯಿಗೆ ಬೀಳಬೇಕು. ಇನಾಸ ವೀರಪ್ಪನಿಗೆ ಹೇಳಿದ. ವೀರಪ್ಪ ಎಂದಿನಂತೆ ತಿರುಗಿ ನೋಡದೆ ಹೋದ. ಇನಾಸ ತಾನೇ ಅಯ್ಯನವರ ಮನೆಗೆ ಹೋಗಿ ಅಂಗಳದಲ್ಲಿ ನಿಂತು ಕೈಮುಗಿದ.

ಅಯ್ಯನವರು ಕೆಟ್ಟವರಲ್ಲ, ಅವರ ಕಣ್ಣೂ ತುಂಬಿತ್ತು. "ಮನ್ಯಾಗ ಸಣ್ಣ ಹುಡುಗ್ರು ಅದಾವಪಾ. ಅಂಜಿಕಿ ಬರತೈತಿ" ಎಂದರು. ತಂಬಿಗೆಯಲ್ಲಾದರೂ ಕೊಡಿ, ನಾನೇ ಒಯ್ಯುತ್ತೇನೆ ಎಂದು ಇನಾಸ ಅಂಗಲಾಚಿದ. ಭವಿಯ ಕೈ ಸೇರಿದ ಮೇಲೆ ಅದು ಬರೀ ನೀರು ಎಂದು ಒಳಗೆ ಹೋದರು.

ಹಾದಿಯಲ್ಲಿ ಹಳ್ಳ ಕಂಡಾಗ ಇನಾಸನಿಗೆ ಒಂದು ಯೋಚನೆ ಬಂತು. ಒಂದು ತಂಬಿಗೆ ಹಳ್ಳದ ನೀರು ಒಯ್ದು ಅಯ್ಯನವರು ಕೊಟ್ಟರು ಎಂದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಆ ಮುಖ ನೆನಪಾಗಿ, ನೀರು ತುಂಬದೆ ಬರಿಗೈಯಲ್ಲೇ ಅವಳ ಬಾಗಿಲಿಗೆ ಬಂದ.

"ಅಯ್ಯನೋರು ಬರಲಿಲ್ಲೇನು?"

"ಇಲ್ಲ ಅವ್ವಾ."

ಅವಳು ಗೋಡೆಗೆ ಆತು ಎದ್ದು ಕುಳಿತಳು.

"ನಿನ್ನ ಕಾಲು ಚಾಚು."

ಇನಾಸ ಕಾಲನ್ನು ಹಿಂದಕ್ಕೆ ಎಳೆದುಕೊಂಡ. "ನನ್ನದಾ? ಬ್ಯಾಡ ಅವ್ವಾ, ನಾ ಪಾಪಿ!" ಈ ಸಲ ಅದನ್ನು ಅವಳೊಬ್ಬಳಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ.

"ನೀ ದೊಡ್ಡಾಂವ ಅಂತ ಕೇಳವಲ್ಲೆ. ಬ್ಯಾರೆ ಯಾರು ಬಂದ್ರು, ನೀನ ಹೇಳು. ನನ್ನ ಗಡಿಗಿ ತಗೋ, ಮುಟ್ಟು."

ಯಾರ ಕಾಲು ಬೇಕಾದರೂ ತೊಳೆದಾನು, ತನ್ನ ಕಾಲು ನೀಡುವುದು ಇನಾಸನಿಂದ ಆಗದು. ಓಡಿಹೋಗಲೂ ಆಗಲಿಲ್ಲ. ಕುಳಿತು ತಾಟಿನ ಮೇಲೆ ಕಾಲು ಚಾಚಿದ. ಗಡಿಗೆ ಎತ್ತುವ ಬೆರಳು ಅವಳಿಗೆಲ್ಲಿವೆ? ಅವನೇ ಸುರಿದುಕೊಳ್ಳಬೇಕಾಯಿತು. ಅವಳು ಮೊಂಡುಗೈಗಳಿಂದ ಅವನ ಪಾದಗಳನ್ನು ಮೆಲ್ಲಗೆ ಸವರಿದಳು. ಕಲ್ಲಿನ ಧೂಳು ಕರಗಿ ತಾಟಿನ ನೀರು ಕೆಂಪಗಾಯಿತು.

"ತಡಿ ಅವ್ವಾ, ಇದು ಕೊಳೆ. ಇದನ್ನ ಚೆಲ್ಲಿ ಮತ್ತೊಂದು ಸಲ ತೊಳಕೊಳ್ತೆ" ಎಂದು ಇನಾಸ ಗಡಬಡಿಸಿ ಗಡಿಗೆ ಬಗ್ಗಿಸಿದ. ಅದರಲ್ಲಿ ಹನಿ ನೀರಿರಲಿಲ್ಲ. ಇತ್ತ ತಿರುಗಿದರೆ ಮುರಿಗೆವ್ವ ಕಣ್ಣು ಮುಚ್ಚಿ, ಬಾಯಿ ತೆರೆದು ಕಾಯುತ್ತಿದ್ದಳು.