ಆರು ಕೋಣೆ, ಒಂದು ಪಂಪು

ನಮ್ಮ ಅತ್ತಿಗೆ ಏಸಿ ಮೆಕ್ಯಾನಿಕ್. ಫ್ರಿಜ್ ರಿಪೇರಿ ಮಾಡುತ್ತಿದ್ದ ಅಪ್ಪನ ಪಕ್ಕ ಕೂತು ತಾಮ್ರದ ಪೈಪಿಗೆ ಬೆಸುಗೆ ಹಾಕುವುದನ್ನು ಕಲಿತವರು. ಬಾಗಿಲು ತೆರೆದವರು ಅವರ ಬೆನ್ನ ಹಿಂದೆ ಇಣುಕಿ ಮೆಕ್ಯಾನಿಕ್ ಎಲ್ಲಿ ಎಂದು ಕೇಳುವುದು ಹದಿನೆಂಟು ವರ್ಷವಾದರೂ ನಿಂತಿಲ್ಲ. ಅದಕ್ಕೆಲ್ಲ ಅವರು ಸಿಟ್ಟಾಗುವವರಲ್ಲ. ಕೆಲಸದಲ್ಲಿ ಕಳ್ಳಾಟ ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಕೆಲವು ವರ್ಷಗಳ ಹಿಂದೆ ಅವರು ಒಬ್ಬ ಕಂಟ್ರಾಕ್ಟರನ ಕಂಪನಿಯಲ್ಲಿದ್ದರು. ಹೆರಿಗೆ ಆಸ್ಪತ್ರೆಯೊಂದರ ಹೊಸ ಮಹಡಿಯಲ್ಲಿ, ಹಸುಗೂಸುಗಳನ್ನು ಮಲಗಿಸುವ ಆರು ಕೋಣೆಗಳಿಗೆ ಏಸಿ ಕೂರಿಸುವ ಕೆಲಸ ಬಂತು. ಒಳಗಿನ ಯಂತ್ರಕ್ಕೂ ಹೊರಗಿನದಕ್ಕೂ ಪೈಪು ಜೋಡಿಸಿದ ಮೇಲೆ, ಗ್ಯಾಸ್ ಬಿಡುವ ಮುಂಚೆ, ವ್ಯಾಕ್ಯೂಮ್ ಪಂಪು ಹಾಕಿ ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ಎಳೆದು ತೆಗೆಯಬೇಕು. ತೇವ ಉಳಿದರೆ ಒಳಗಿನ ಎಣ್ಣೆ ಕೆಟ್ಟು ಆಸಿಡ್ ಆಗಿ ಕಂಪ್ರೆಸರನ್ನೇ ತಿಂದುಹಾಕುತ್ತದೆ. ಮೊದಲ ದಿನ ಅತ್ತಿಗೆ ಎರಡು ಕೋಣೆ ಮುಗಿಸಿದರು. ಒಂದೊಂದಕ್ಕೂ ಅರ್ಧ ಗಂಟೆಗೂ ಮೇಲೆ ಪಂಪು ಓಡಿಸಿ, ನಿಲ್ಲಿಸಿ, ಗೇಜಿನ ಮುಳ್ಳು ಮತ್ತೆ ಮೇಲೇಳುತ್ತದೆಯೇ, ಎಲ್ಲಾದರೂ ಸೋರುತ್ತಿದೆಯೇ ಎಂದು ಸ್ಟೂಲಿನ ಮೇಲೆ ಕೂತು ಕಾದರು.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಬಂದ. ಸಂಜೆಗೆ ಉದ್ಘಾಟನೆ, ಪಂಪು ಗಿಂಪು ಬೇಡ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸಿದರೆ ಸಾಕು ಎಂದ.

“ಗಾಳಿ ಹೋಗಬಹುದು, ತೇವ ಹೋಗಲ್ಲ. ಇದು ಮಕ್ಕಳ ಕೋಣೆ ಸರ್” ಎಂದರು ಅತ್ತಿಗೆ.

“ತಣ್ಣಗೆ ಬಂದ್ರೆ ಆಯ್ತಲ್ಲಮ್ಮ. ಪೈಪೊಳಗೆ ಇಣುಕಿ ನೋಡೋರು ಯಾರು?”

ಅತ್ತಿಗೆ ಜಗ್ಗಲಿಲ್ಲ. ಅವನು ಅವರನ್ನು ಬೇರೆ ಕಡೆ ಅಟ್ಟಿ, ಇನ್ನಿಬ್ಬರನ್ನು ಕರೆಸಿ ಉಳಿದ ನಾಲ್ಕು ಕೋಣೆಗಳನ್ನು ಮಧ್ಯಾಹ್ನದೊಳಗೆ ಮುಗಿಸಿದ. ಅತ್ತಿಗೆ ಆಫೀಸಿಗೆ ಫೋನ್ ಮಾಡಿ ದೂರಿದರು. ಅಲ್ಲಿನವರು ನೋಡೋಣ ಎಂದರು. ಯಾರೂ ನೋಡಲಿಲ್ಲ.

ನಾಲ್ಕು ತಿಂಗಳಿಗೆ ಬಿಸಿಲು ಏರಿತು. ಆ ನಾಲ್ಕರಲ್ಲಿ ಎರಡು ಏಸಿ ಒಂದೇ ವಾರದಲ್ಲಿ ಕೆಟ್ಟು ಕೂತವು. ಹೆಡ್ ನರ್ಸ್ ಅತ್ತಿಗೆಗೆ ಫೋನ್ ಮಾಡಿದಾಗ ಅವರ ದನಿ ಗಡುಸಾಗಿತ್ತು: ಬಾಣಂತಿಯರು ಕೂಸುಗಳಿಗೆ ಟವೆಲಿನಿಂದ ಗಾಳಿ ಬೀಸುತ್ತಾ ಕೂತಿದ್ದಾರೆ, ಕೆಲಸ ಮಾಡಿದ್ದು ನೀವೇ ಅಂತೆ, ರಿಪೋರ್ಟಿನಲ್ಲಿ ನಿಮ್ಮದೇ ಸಹಿ ಇದೆ.

ಅತ್ತಿಗೆ ಊಟದ ತಟ್ಟೆ ಬಿಟ್ಟೆದ್ದು ಹೊರಟರು. ಜೊತೆಗೆ ನಾನೂ ಹೋದೆ.

ಆಸ್ಪತ್ರೆಯ ಆಫೀಸಿನಲ್ಲಿ ಸೂಪರ್‌ವೈಸರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹೆಂಗಸರ ಕೈಗೆ ಭಾರದ ಕೆಲಸ ಕೊಟ್ಟಿದ್ದೇ ನಮ್ಮ ತಪ್ಪು ಎಂದು ದೊಡ್ಡ ಡಾಕ್ಟರಿಗೆ ಹೇಳುತ್ತಿದ್ದ. ನನಗೆ ಎದ್ದು ಅವನ ಕಾಲರ್ ಹಿಡಿಯುವಷ್ಟು ಕೋಪ ಬಂತು. ಅತ್ತಿಗೆ ಅವನ ಕಡೆ ತಿರುಗಲೂ ಇಲ್ಲ. ರಿಪೋರ್ಟ್ ಕೇಳಿ ತೆಗೆದುಕೊಂಡು ಓದಿದರು. ಆರೂ ಕೋಣೆಗಳಿಗೆ ವ್ಯಾಕ್ಯೂಮ್ ಮಾಡಿದ ದಿನ ಒಂದೇ. ಹೊತ್ತೂ ಒಂದೇ: ಹನ್ನೊಂದರಿಂದ ಹನ್ನೊಂದೂವರೆ. ಕೆಳಗೆ ಅವರ ಸಹಿ. ಅವರು ಹಾಕಿದ್ದಲ್ಲ, ಅವರ ಹೆಸರಿನ ದೀರ್ಘವನ್ನೇ ನುಂಗಿಹಾಕಿದ್ದ ಸಹಿ.

ಗೇಟಿನ ಪುಸ್ತಕ ತರಿಸಿ ಎಂದರು ಅತ್ತಿಗೆ. ಒಳಗೆ ಬಂದ ಸಾಮಾನಿನಲ್ಲಿ ವಾಚ್‌ಮನ್ ಬರೆದಿದ್ದು ಒಂದೇ ಪಂಪು.

“ಡಾಕ್ಟ್ರೇ, ಒಂದು ಪಂಪು ಆರು ಕೋಣೇಲಿ ಒಂದೇ ಹೊತ್ತಿಗೆ ಹೇಗೆ ಓಡುತ್ತೆ? ಇವರನ್ನೇ ಕೇಳಿ.”

ಸೂಪರ್‌ವೈಸರ್ ಕಾಲು ಕೆಳಗಿಳಿಸಿದ.

ಅತ್ತಿಗೆ ಎಲ್ಲರನ್ನೂ ತಾರಸಿಗೆ ಕರೆದೊಯ್ದು, ಕೆಟ್ಟ ಕಂಪ್ರೆಸರೊಂದನ್ನು ಬಿಚ್ಚಿ ಎಣ್ಣೆಯನ್ನು ಡಬ್ಬಕ್ಕೆ ಬಗ್ಗಿಸಿದರು. ತಿಳಿಯಾಗಿರಬೇಕಾದ ಎಣ್ಣೆ ಡಾಂಬರಿನಂತೆ ಕಪ್ಪಾಗಿತ್ತು. ಸುಟ್ಟ ವಾಸನೆಗೆ ಡಾಕ್ಟರ್ ಮೂಗು ಮುಚ್ಚಿಕೊಂಡರು. ಅತ್ತಿಗೆ ಮಾಡಿದ ಎರಡೂ ಯಂತ್ರಗಳು ಪಕ್ಕದಲ್ಲೇ ಓಡುತ್ತಿದ್ದವು. ಹೆಡ್ ನರ್ಸ್ ಅತ್ತಿಗೆಯ ಕೈ ಹಿಡಿದು, ಫೋನಿನಲ್ಲಿ ಹಾಗೆ ಮಾತಾಡಬಾರದಿತ್ತು ಎಂದರು.

ಕಂಪನಿಯವರು ಎರಡು ಕಂಪ್ರೆಸರ್ ಬದಲಿಸಬೇಕಾಯಿತು, ಇನ್ನೆರಡು ಕೋಣೆಗಳ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು. ಸೂಪರ್‌ವೈಸರನಿಗೆ ಆದದ್ದು ಬೇರೆ ಬ್ರಾಂಚಿಗೆ ವರ್ಗ, ಅಷ್ಟೇ. ಕಳ್ಳ ಸಹಿಯ ಬಗ್ಗೆ ಬರೆದು ಕೊಡಿ ಎಂದು ಅತ್ತಿಗೆ ಪಟ್ಟು ಹಿಡಿದಾಗ ಮ್ಯಾನೇಜರ್ ಒಂದು ಕಾಗದ ಕೊಟ್ಟ: ತಪ್ಪು ಗ್ರಹಿಕೆಯಿಂದ ಹೀಗಾಗಿದೆ, ವಿಷಾದಿಸುತ್ತೇವೆ.

ಅತ್ತಿಗೆ ಅದನ್ನು ಎರಡು ಸಲ ಓದಿದರು.

“ಗ್ರಹಿಕೆಗೆ ಪೆನ್ನು ಹಿಡಿಯೋಕೆ ಬರುತ್ತಾ ಸರ್? ಬರೆದ ಕೈ ಯಾರದು ಅಂತ ಬರೀರಿ.”

ಅವನು ಬರೆಯಲಿಲ್ಲ. ಅತ್ತಿಗೆ ಕಾಗದವನ್ನು ಅವನ ಮೇಜಿನ ಮೇಲೇ ಇಟ್ಟು, ಕಂಪನಿಯ ಗುರುತಿನ ಚೀಟಿಯನ್ನು ಅದರ ಮೇಲಿಟ್ಟು ಹೊರಬಂದರು. ಈಗ ಸ್ವಂತ ಕೆಲಸ ಮಾಡುತ್ತಾರೆ. ಆ ಆಸ್ಪತ್ರೆಯವರು ನೇರವಾಗಿ ಅವರನ್ನೇ ಕರೆಯುತ್ತಾರೆ. ಆದರೂ ಆ ಮಾತು ಬಂದರೆ ಇವತ್ತಿಗೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಾರೆ. ಮಕ್ಕಳ ಕೋಣೆ ಎಂದು ಗೊತ್ತಿದ್ದೂ ಮಾಡಿದರಲ್ಲ ಎನ್ನುತ್ತಾರೆ.